ನಾವು ಉಳ್ತಿರೋ ಗದ್ದೆಗೆ ಹಕ್ಕುಪತ್ರ ಕೊಡಿ: ಪರಿಶಿಷ್ಟ ವರ್ಗಗಳ ಕಲ್ಯಾಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಉತ್ತರ ಕನ್ನಡದ ಘಟ್ಟದ ಮೇಲಿನ ಸಿದ್ದಿ ಹೆಣ್ಣುಮಗಳು, ಆಫ್ರಿಕಾ ಮೂಲದ ಬುಡಕಟ್ಟು ನಮ್ಮದು. ಅರ್ಜಿ ಬರೆದು ಬರೆದು ಸಾಕಾಗಿ ಈಗ ಎಲ್ಲರಿಗೂ ಕಾಣೋ ಹಾಗೆ ಬರೀತಿದೀನಿ, ಯಾಕಂದ್ರೆ ಕಚೇರಿಗೆ ಕೊಟ್ಟ ಕಾಗದ ಒಳಗೆ ಹೋದ್ಮೇಲೆ ಏನಾಗತ್ತೆ ಅಂತ ಇಷ್ಟು ವರ್ಷ ಆದ್ರೂ ನಮಗೆ ಗೊತ್ತಾಗಿಲ್ಲ. ಕೇಳೋದು ಒಂದೇ. ನಾವು ಉಳ್ತಿರೋ 1 ಎಕರೆ 12 ಗುಂಟೆಗೆ ಹಕ್ಕುಪತ್ರ ಕೊಡಿ.

ಕಾಡಿನ ಜಾಗದಲ್ಲಿ ಉಳ್ಕೊಂಡು ಬಂದೋರಿಗೆ ಆ ಜಾಗದ ಹಕ್ಕು ಕೊಡೋ ಅರಣ್ಯ ಹಕ್ಕು ಕಾಯ್ದೆ ಕೆಳಗೆ ಅಪ್ಪ ಅರ್ಜಿ ಹಾಕಿದ್ದು 2009ರಲ್ಲಿ. ಗ್ರಾಮಸಭೆ ಆಯ್ತು, ಅರಣ್ಯ ಹಕ್ಕು ಸಮಿತಿಯೋರು ಬಂದು ಬಾವಿ ನೋಡಿದ್ರು, ಗದ್ದೆ ಬದು ನೋಡಿದ್ರು, ಊರಿನ ಇಬ್ಬರು ಹಿರಿಯರ ಹೇಳಿಕೆ ಬರ್ಕೊಂಡ್ರು, ಅಜ್ಜಿನ ಮಣ್ಣು ಮಾಡಿದ ಜಾಗ ತೋರಿಸಿದ್ವಿ, ಆಮೇಲೆ ಜಿಪಿಎಸ್ ಹಿಡ್ಕೊಂಡು ಗದ್ದೆ ಸುತ್ತಾನೂ ನಡೆದ್ರು. ಇನ್ನೇನು ಬರತ್ತೆ ಅಂತ ಅಪ್ಪ ನಾಲ್ಕು ಅಡಿಕೆ ಸಸಿ ನೆಟ್ಟ.

ಆಮೇಲೆ ವಿಚಾರಣೆಗೆ ಬನ್ನಿ ಅಂತ ನೋಟಿಸು ಬಂತು. ಯಾವ ಕಚೇರಿ ಅಂತ ಬರೆಯಲ್ಲ, ನಾಳೆ ಅಲ್ಲಿಗೇ ಮತ್ತೆ ಹೋಗ್ಬೇಕು ನಾವು. ಬೆಳಿಗ್ಗೆ 6ರ ಬಸ್ಸಿಗೆ ಅಪ್ಪನ್ನ ಕರ್ಕೊಂಡು ಹೋದೆ, ಇಬ್ಬರದ್ದೂ ಅವತ್ತಿನ ಕೂಲಿ ಹೋಯ್ತು. ಮಧ್ಯಾಹ್ನ 3ರ ತನಕ ಬೆಂಚಿನ ಮೇಲೆ ಕೂತಿದ್ವಿ. ಹೆಸರು ಕರೆದಾಗ ಅಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದ, ಯಾರೂ ಬಿಡು ಅಂದಿರ್ಲಿಲ್ಲ. ಮೇಜಿನ ಆಚೆ ಕೂತೋರು ಫೈಲು ತೆಗೀಲಿಲ್ಲ, ಅಪ್ಪನ ತಲೆಗೂದಲು ನೋಡಿದ್ರು. "ನೀವು ಆಫ್ರಿಕಾದೋರಲ್ವಾ, ಇಲ್ಲಿ 75 ವರ್ಷದಿಂದ ಇದ್ದಿದ್ದಕ್ಕೆ ಏನ್ರೀ ದಾಖಲೆ?" ಅಂದ್ರು. ಪಕ್ಕದಲ್ಲಿದ್ದೋರು ನಕ್ಕರು. ಅಪ್ಪ ಮೆತ್ತಗೆ "ಸಾಹೇಬ್ರೇ, ನನ್ನ ಅವ್ವನ ಮಣ್ಣು ಮಾಡಿದ್ದು ಆ ಗದ್ದೆ ಅಂಚಲ್ಲೇ" ಅಂದ. "ಅದಕ್ಕೆ ಸರ್ಟಿಫಿಕೇಟ್ ಇದ್ಯಾ?" ಅಂದ್ರು. ಐದು ನಿಮಿಷದಲ್ಲಿ ಮುಗೀತು. ವಾಪಸ್ ಬರೋ ಬಸ್ಸಲ್ಲಿ ಅಪ್ಪ ಒಂದು ಮಾತೂ ಆಡ್ಲಿಲ್ಲ, ಟವೆಲ್ ತಲೆಗೆ ಸುತ್ಕೊಂಡು ಕೂತಿದ್ದ. ಆ ಸೆಖೆಯಲ್ಲಿ ಟವೆಲ್ ಯಾಕೆ ಅಂತ ನಾನು ಕೇಳ್ಲಿಲ್ಲ, ನನಗೆ ಗೊತ್ತಾಗಿತ್ತು.

ತಿಂಗಳು ಬಿಟ್ಟು ಹಿಂಬರಹ ಬಂತು, 75 ವರ್ಷದ ದಾಖಲೆ ಇಲ್ಲ, ಅರ್ಜಿ ತಿರಸ್ಕರಿಸಿದೆ ಅಂತ. ಫೈಲಿನ ಮೊದಲ ಹಾಳೆನೇ ಅಪ್ಪನ ಪರಿಶಿಷ್ಟ ಪಂಗಡದ ಜಾತಿ ಪ್ರಮಾಣಪತ್ರ! ನಮ್ಮ ಜಿಲ್ಲೆಯ ಸಿದ್ದಿಗಳು ಪಟ್ಟಿಗೆ ಸೇರಿದ್ದು 2003ರಲ್ಲಿ. ಮೂರು ತಲೆಮಾರು 75 ವರ್ಷ ಅನ್ನೋ ಷರತ್ತು ಪರಿಶಿಷ್ಟ ಪಂಗಡದಲ್ಲಿ ಇಲ್ಲದ ಕಾಡುವಾಸಿಗಳಿಗೆ, ನಮಗೆ 13-12-2005ಕ್ಕೆ ಮುಂಚೆಯಿಂದ ಉಳ್ತಿದ್ರೆ ಸಾಕು, ಬಾವಿ, ಸ್ಮಶಾನ, ಹಿರಿಯರ ಹೇಳಿಕೆನೂ ಸಾಕ್ಷಿ ಅಂತ ಕಾಯ್ದೆಯ 13ನೇ ನಿಯಮದಲ್ಲೇ ಇದೆ, ಇದೆಲ್ಲ ಕೂಲಿ ಮಾಡೋ ನಾನು ನಿಮ್ಮ ಇಲಾಖೆಗೆ ಹೇಳಿಕೊಡ್ಬೇಕಾ ಸ್ವಾಮಿ?

ದಾಖಲೆ ಕೇಳ್ತೀರಲ್ಲ. ಪೋರ್ಚುಗೀಸರ ಕಾಲದಲ್ಲಿ ನಮ್ಮ ಹಿರಿಯರನ್ನ ಹಡಗಲ್ಲಿ ತುಂಬ್ಕೊಂಡು ಬಂದು ಗೋವಾದಲ್ಲಿ ಗುಲಾಮರಾಗಿ ಮಾರಿದ್ರು, ತಪ್ಪಿಸ್ಕೊಂಡೋರು ಈ ಕಾಡು ಸೇರಿದ್ರು. ಯಾರ ಕಣ್ಣಿಗೂ ಬೀಳದೇ ಇದ್ದಿದ್ದಕ್ಕೇ ಅವರ ಜೀವ ಉಳಿದಿದ್ದು. ಅಂಥೋರ ಮೊಮ್ಮಕ್ಕಳ ಹತ್ರ ಕಂದಾಯದ ರಸೀದಿ ಕೇಳಿದ್ರೆ ಎಲ್ಲಿಂದ ತರೋದು? 1974ರಲ್ಲಿ ಉಳುವವನೇ ಹೊಲದೊಡೆಯ ಅಂತ ಕಾನೂನು ಬಂದಾಗ ಗೇಣಿ ಮಾಡ್ತಿದ್ದೋರು ಡಿಕ್ಲರೇಷನ್ ಕೊಟ್ಟು ಜಮೀನು ಮಾಡ್ಕೊಂಡ್ರು, ಒಳ್ಳೇದೇ ಆಯ್ತು. ನಮ್ಮ ಅಜ್ಜ ಗೇಣಿದಾರ ಆಗಿರ್ಲಿಲ್ಲ, ಸಾಲಕ್ಕೆ ಒಡೇರ ತೋಟದಲ್ಲಿ ದುಡೀತಿದ್ದ ಆಳು. ಆಳಿಗೆ ಯಾವ ಡಿಕ್ಲರೇಷನ್ನೂ ಇರ್ಲಿಲ್ಲ.

ದಕ್ಷಿಣ ಆಫ್ರಿಕಾದಲ್ಲಿ 1913ರ ಕಾನೂನು ಆ ನೆಲದ ಕರಿಯರಿಗೆ ನೂರರಲ್ಲಿ ಸುಮಾರು 7 ಪಾಲು ಭೂಮಿ ಮಾತ್ರ ಬಿಟ್ಟಿತ್ತು, ಅದನ್ನ ಸರಿ ಮಾಡೋದು ಹೇಗೆ ಅಂತ ಇವತ್ತಿಗೂ ಅಲ್ಲಿ ಜಗಳ ನಡೀತಿದೆ, ಒಬ್ಬರ ಜಮೀನು ತಗೊಂಡು ಇನ್ನೊಬ್ಬರಿಗೆ ಕೊಡೋದು ಸರಿಯಾ ಅಂತ. ನಾವು ಯಾರ ತೋಟಾನೂ ಕೇಳಿಲ್ಲ ಸಚಿವರೇ. ನಮ್ಮ ಕೈಯಲ್ಲೇ ಇರೋ ಗದ್ದೆಗೆ ಕಾಗದ ಕೇಳ್ತಿರೋದು. ಕಾಯ್ದೆಯಲ್ಲಿ 4 ಹೆಕ್ಟೇರ್ ತನಕ ಅವಕಾಶ ಇದೆ, ನಮ್ಮದು ಅದರ ಹತ್ತಿರಕ್ಕೂ ಬರಲ್ಲ.

ಪರಿಶಿಷ್ಟ ಪಂಗಡದಲ್ಲಿ ಇಲ್ಲದ ನೆರೆಯೋರು ಕೆಲವರು ಸಿದ್ದಿಗಳಿಗೆ ಒಂದು ರೂಲ್ಸು ನಮಗೊಂದು ರೂಲ್ಸಾ ಅಂತಾರೆ. ಅವರೂ ಬಡವರೇ, ಅವರಿಗೂ ಸಿಗ್ಲಿ, ಅವರಿಗಾಗಿ ಮಾತಾಡೋಕೆ ದೊಡ್ಡ ಹೋರಾಟಾನೇ ಇದೆ. ಆದ್ರೆ ಅವರನ್ನ ಯಾರೂ ಯಾವ ದೇಶದೋರು ಅಂತ ಕೇಳಲ್ಲ. ಇನ್ನು ಕೆಲವರು ಹಕ್ಕುಪತ್ರ ಕೊಟ್ರೆ ಹೊರಗಿನೋರಿಗೆ ಮಾರ್ಕೊಂಡು ಹೋಗ್ತಾರೆ ಅಂತಾರೆ. ಹೇಗೆ ಮಾರೋದು? ಆ ಹಕ್ಕು ಮಕ್ಕಳಿಗೆ ಹೋಗತ್ತೆ ಅಷ್ಟೇ, ಮಾರೋಕೆ ಬರಲ್ಲ ಅಂತ ಕಾಯ್ದೆಯಲ್ಲೇ ಇದೆ. ಕಾಡು ಹಾಳಾಗತ್ತೆ ಅನ್ನೋರಿಗೆ ನಾನೇನೂ ಹೇಳಲ್ಲ, ಬಂದು ನಮ್ಮ ಗದ್ದೆ ಪಕ್ಕದ ಕಾಡು ನೋಡ್ಲಿ.

ಪಹಣಿ ಇಲ್ದೇ ಏನಾಗತ್ತೆ ಅಂತ ಬೆಂಗಳೂರಲ್ಲಿ ಕೂತೋರಿಗೆ ಗೊತ್ತಾಗಲ್ಲ. ಸೊಸೈಟಿ ಬೆಳೆಸಾಲ ಇಲ್ಲ, ಬೆಳೆ ವಿಮೆ ಇಲ್ಲ. ಹೋದ ವರ್ಷ ಹಂದಿ ನುಗ್ಗಿ ಅರ್ಧ ಗದ್ದೆ ಹೋಯ್ತು, ಪರಿಹಾರ ಕೇಳೋಕೆ ಹೋದ್ರೆ ಜಮೀನು ಯಾರ ಹೆಸರಲ್ಲಿದೆ ಅಂದ್ರು. ಅಪ್ಪ ನೆಟ್ಟ ಅಡಿಕೆ ಸಸಿನ ಗಾರ್ಡು ಬಂದು ಕಿತ್ತು ಹಾಕಿದ, ಅರ್ಜಿ ಇತ್ಯರ್ಥ ಆಗೋ ತನಕ ಒಕ್ಕಲೆಬ್ಬಿಸೋ ಹಾಗಿಲ್ಲ ಅನ್ನೋದು ಅವನಿಗೂ ಗೊತ್ತಿತ್ತು.

ತಿರಸ್ಕರಿಸಿದ ಸಿದ್ದಿಗಳ ಅರ್ಜಿ ಎಲ್ಲಾನೂ ವಾಪಸ್ ತೆಗೆಸಿ. 75 ವರ್ಷ ಅಂತ ತಪ್ಪು ಕಾರಣ ಬರೆದು ಮುಚ್ಚಿದ್ದನ್ನ ಮೊದಲು ತೆಗೆಸಿ. ಕಚೇರಿಗೆ ಕರೀಬೇಡಿ, ಗದ್ದೆಗೇ ಬಂದು ನೋಡಿ. ನಾವು ಉಳ್ತಿರೋದಕ್ಕೆ ಹಕ್ಕುಪತ್ರ ಕೊಡಿ, ಕಾಯ್ದೆಯಲ್ಲಿ ಇರೋ ಹಾಗೆ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಕೊಡಿ. ಅಪ್ಪ ಅವ್ವ ಇಬ್ಬರೂ ಇನ್ನೂ ಇದ್ದಾರೆ, ಇರೋವಾಗ್ಲೇ ಕೊಡಿ.

ಅಪ್ಪನಿಗೆ ಈಗ 71. ಆ ಜಾತಿ ಪ್ರಮಾಣಪತ್ರ, ಹಿಂಬರಹ, ಜಿಪಿಎಸ್ ನಕ್ಷೆ ಎಲ್ಲಾ ಒಂದು ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಸೂರಿಗೆ ಸಿಕ್ಕಿಸಿದ್ದಾನೆ. ಕಚೇರಿಗೆ ಇನ್ನು ನಾನು ಬರಲ್ಲ, ನೀನೇ ಹೋಗು ಮಗಳೇ ಅಂದಿದ್ದಾನೆ. ಮತ್ತೆ ನೋಟಿಸು ಬಂದ್ರೆ ನಾನೇ ಬರ್ತೀನಿ.

ಇಂತಿ,
ಘಟ್ಟದ ಮೇಲಿನ ಒಬ್ಬ ಸಿದ್ದಿ ಹೆಣ್ಣುಮಗಳು