ಮಗಳಿಗೊಂದು ಪತ್ರ: ಟವೆಲ್ ಮುಚ್ಚಿದ ಮೂಳೆ

ಪುಟ್ಟೀ,

ನಿನ್ನೆ ನೀನು ಫೋನ್ ಕುಕ್ಕಿದ ಮೇಲೆ ನಾನು ತಿರುಗಿ ಮಾಡಲಿಲ್ಲ. ಮಾಡಿದ್ದರೆ ಇನ್ನೊಂದು ಸುತ್ತು ಜಗಳವೇ ಆಗುತ್ತಿತ್ತು. ಅದಕ್ಕೇ ಬರೆಯಲು ಕೂತೆ. ಕೂರುವುದೂ ಈಗ ಅಷ್ಟು ಸುಲಭವಲ್ಲ. ಮೂತ್ರ ಹೋಗಲು ಹಾಕಿದ ಟ್ಯೂಬನ್ನು, ಅದೇ ಕ್ಯಾಥೆಟರನ್ನು, ತೊಡೆಗೆ ಪ್ಲಾಸ್ಟರ್ ಹಾಕಿ ಅಂಟಿಸಿದ್ದಾರೆ, ಚೀಲ ಪಕ್ಕದಲ್ಲಿ ತೂಗುತ್ತಿದೆ. ಗುರುವಾರ ಆಪರೇಷನ್.

"ಎರಡು ವರ್ಷ ಮುಚ್ಚಿಟ್ಟೆ ಅಲ್ವಾ ಅಪ್ಪಾ, ಅದೂ ನನ್ನ ಹತ್ತಿರ" ಅಂದೆ. ಹೌದು, ಮೂತ್ರದ ತೊಂದರೆಯನ್ನು ಮುಚ್ಚಿಟ್ಟೆ. ಯಾವತ್ತಿನಿಂದ ಅಂತ ದಿನವನ್ನೇ ಹೇಳಬಲ್ಲೆ.

ನೀನು ಮೆಡಿಕಲ್ ಮೊದಲ ವರ್ಷ ಮುಗಿಸಿ ರಜಕ್ಕೆ ಬಂದಿದ್ದೆ. ಬ್ಯಾಗಿನಲ್ಲಿ ಬಟ್ಟೆಗಿಂತ ಮೂಳೆ ಜಾಸ್ತಿ. ಸೊಂಟದ ಮೂಳೆಯೊಂದನ್ನು ಟೇಬಲ್ ಮೇಲಿಟ್ಟು ನನ್ನನ್ನು ಕರೆದೆ. ಹುಟ್ಟುವಾಗ ಇದು ಮೂರು ತುಂಡಾಗಿರುತ್ತದೆ, ಹದಿಹರೆಯದಲ್ಲಿ ಬೆಸೆದು ಒಂದಾಗುತ್ತದೆ ಅಂದೆ. ಹಿಂಬದಿಯ ಕಚ್ಚಿಗೆ ನನ್ನ ಹೆಬ್ಬೆರಳು ಇಡಿಸಿದೆ. "ಬೆರಳು ಆರಾಮಾಗಿ ಆಡಿದರೆ ಹೆಂಗಸಿನದು, ಇಕ್ಕಟ್ಟಾದರೆ ಗಂಡಸಿನದು." ಬೆರಳು ಸಿಕ್ಕಿಕೊಂಡಿತು. "ನೋಡಿದ್ಯಾ, ಗಂಡಸಿನದು" ಅಂತ ನಕ್ಕೆ. ಆಮೇಲೆ ಮುಂದಿನ ಮೂಳೆಯ ಹಿಂದೆ ಬೆರಳಿಟ್ಟು, "ಇಲ್ಲಿ ಮೂತ್ರಕೋಶ, ಅದರ ಕೆಳಗೆ ಪ್ರಾಸ್ಟೇಟ್, ಗಂಡಸರಿಗೆ ಮಾತ್ರ ಇರೋ ಗ್ರಂಥಿ. ವಯಸ್ಸಾದ ಮೇಲೆ ದಪ್ಪ ಆಗುತ್ತೆ. ಅಪ್ಪಾ, ನೀನು ರಾತ್ರಿ ಎಷ್ಟು ಸಲ ಏಳ್ತೀಯ?" ಅಂತ ಕೇಳಿದೆ.

ಆಗ ನಾಲ್ಕು ಸಲ ಏಳುತ್ತಿದ್ದೆ ಪುಟ್ಟೀ. ಧಾರೆ ಸಣ್ಣಗಾಗಿತ್ತು. ಮುಗಿಯಿತು ಅಂತ ಬಂದು ಮಲಗಿದರೆ ಮತ್ತೆ ಬರುತ್ತಿತ್ತು. ನಾನು ಏನು ಮಾಡಿದೆ? ಹೆಗಲ ಮೇಲಿದ್ದ ಟವೆಲ್ ತೆಗೆದು ಆ ಮೂಳೆಯ ಮೇಲೆ ಹಾಕಿದೆ. "ಕಾಲೇಜಿನ ಪಾಠ ಕಾಲೇಜಿನಲ್ಲಿರಲಿ" ಅಂದೆ. ನಿನ್ನ ಮುಖ ಚಿಕ್ಕದಾಯಿತು. ಮೂಳೆ, ಟವೆಲ್ ಎರಡನ್ನೂ ಎತ್ತಿಕೊಂಡು ಒಳಗೆ ಹೋದೆ. ಆ ಟವೆಲ್ ಇವತ್ತಿಗೂ ವಾಪಸ್ ಬಂದಿಲ್ಲ, ಕೇಳುವ ಮುಖವೂ ನನಗಿರಲಿಲ್ಲ.

ಅವತ್ತು ಸುಮ್ನೆ "ನಾಲ್ಕು ಸಲ" ಅಂದಿದ್ದರೆ ಸಾಕಿತ್ತು. ಬರೀ ಎರಡು ಪದ. ಮೊನ್ನೆಯಿಂದ ಅದನ್ನೇ ಬಾಯೊಳಗೆ ಹೇಳಿಕೊಳ್ಳುತ್ತಿದ್ದೇನೆ, ಈಗ ಹೇಳಿದರೆ ಲೆಕ್ಕಕ್ಕೆ ಬರುತ್ತದೇನೋ ಅನ್ನುವ ಹಾಗೆ.

ನಾಚಿಕೆ ಅಂತ ನೀನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟೆ. ನಾಚಿಕೆ ಹೌದು. ಆದರೆ ಮಾತೂ ಇರಲಿಲ್ಲ. ವೃಷಣ ಅಂದರೆ ಪರೀಕ್ಷೆಗೆ ಬರೆದ ಪದ, ಬೀಜ ಅಂದರೆ ಬೈಗುಳ. ಮನೆಯೊಳಗೆ ಆಡುವ ಪದ ಯಾವುದು ಹೇಳು? "ಒಂದಕ್ಕೆ ಹೋಗಿ ಬರ್ತೀನಿ" ಅನ್ನುವಷ್ಟಕ್ಕೇ ನಮ್ಮ ಭಾಷೆ ನಿಂತುಬಿಡುತ್ತದೆ.

ಶನಿವಾರ ನೆಗಡಿಗೆ ಅಂತ ಒಂದು ಮಾತ್ರೆ ನುಂಗಿದೆ. ರಾತ್ರಿ 11ರ ಮೇಲೆ ಒಂದು ಹನಿಯೂ ಇಲ್ಲ. ನಲ್ಲಿ ಬಿಟ್ಟು ನೀರಿನ ಸದ್ದು ಕೇಳುತ್ತಾ ನಿಂತೆ. ಹೊಕ್ಕುಳ ಕೆಳಗೆ ಚೆಂಡಿನ ಹಾಗೆ ಉಬ್ಬಿತು. 3 ಗಂಟೆಗೆ ನಿನ್ನ ಅಮ್ಮನನ್ನು ಎಬ್ಬಿಸಿದೆ. ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿದವನು ನಿನ್ನ ವಯಸ್ಸಿನ ಹುಡುಗ. "ಅಂಕಲ್, ಗಂಡಸರದ್ದು 20 ಸೆಂಟಿಮೀಟರ್ ದಾರಿ, ನಡುವೆ ತಿರುವು ಇದೆ. ಮೇಲಕ್ಕೆತ್ತಿ ಹಿಡಿದರೆ ನೇರ ಆಗುತ್ತೆ. ಉಸಿರು ಬಿಡಿ" ಅಂದ. ಅಪರಿಚಿತರಿಗೆ ದಾರಿ ಹೇಳುವವರ ಹಾಗೆ, ಅಷ್ಟು ಸಲೀಸಾಗಿ. 400 ಮಿಲಿಲೀಟರ್ ತುಂಬುವಷ್ಟರಲ್ಲಿ ಯಾರಿಗಾದರೂ ಎದ್ದು ಹೋಗಬೇಕು ಅನ್ನಿಸುತ್ತದಂತೆ. ನನ್ನದು 1,100 ಬಂತು. ಚೀಲ ತುಂಬುವಾಗ ಕಣ್ಣಲ್ಲಿ ನೀರು ಬಂತು, ನೋವಿಗಲ್ಲ.

ಡಾಕ್ಟರ್ ಕಾಗದದ ಮೇಲೆ ಬಿಡಿಸಿ ತೋರಿಸಿದರು. ಮಣಿಯೊಳಗೆ ದಾರ ಪೋಣಿಸಿದ ಹಾಗೆ ಮೂತ್ರನಾಳ ಪ್ರಾಸ್ಟೇಟಿನ ನಡುವೆ ಇಳಿಯುತ್ತದೆ. ಹರೆಯದಲ್ಲಿ ಅದು ಸುಮಾರು 20 ಗ್ರಾಂ, ನನ್ನದು 70. ಬೆಳೆದಿರುವುದು ಒಳಭಾಗ, ಅದಕ್ಕೇ ದಾರಿ ಹಿಸುಕಿಹೋಗಿದೆ. ನೆಗಡಿಯ ಮಾತ್ರೆ ಮೂತ್ರಕೋಶದ ಕತ್ತನ್ನು ಇನ್ನೂ ಬಿಗಿ ಮಾಡಿತಂತೆ. ಹಿಂದೆಯೇ ಗುದನಾಳ ಇರುವುದರಿಂದ ಬೆರಳು ಹಾಕಿ ಮುಟ್ಟಿ ನೋಡಿದರು. ಗಂಟಿಲ್ಲ, ನುಣ್ಣಗಿದೆ ಅಂದರು. ಪಿಎಸ್‌ಎ ಅನ್ನುವ, ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ನೋಡುವ ರಕ್ತಪರೀಕ್ಷೆ ಟ್ಯೂಬ್ ಇರುವಾಗ ಸುಳ್ಳೇ ಜಾಸ್ತಿ ತೋರಿಸುತ್ತದೆ, ಆಮೇಲೆ ನೋಡೋಣ ಅಂದರು. ಆ "ಆಮೇಲೆ" ನನ್ನ ನಿದ್ದೆ ಕೆಡಿಸಿದೆ, ಇರಲಿ. ಹೊಟ್ಟೆ ಕೊಯ್ಯುವುದಿಲ್ಲ, ಅದೇ ದಾರಿಯಲ್ಲಿ ದುರ್ಬೀನು ಇಳಿಸಿ ಒಳಗಿನಿಂದ ಕೆತ್ತಿ ತೆಗೆಯುತ್ತಾರೆ. ಇನ್ನು ಮೇಲೆ ವೀರ್ಯ ಹೊರಗೆ ಬರುವ ಬದಲು ಹಿಂದಕ್ಕೆ ಮೂತ್ರಕೋಶಕ್ಕೆ ಹೋಗಬಹುದು ಅಂತಲೂ ಹೇಳಿದರು. ನೋಡು, ಇದನ್ನೂ ನಿನಗೆ ಬರೆದುಬಿಟ್ಟೆ. ಕೈ ನಡುಗಲಿಲ್ಲ ಅಂದರೆ ಸುಳ್ಳಾದೀತು.

ಮೂತ್ರ ಹಿಂದಕ್ಕೆ ಒತ್ತಿ ಕಿಡ್ನಿಗೂ ಸ್ವಲ್ಪ ಪೆಟ್ಟಾಗಿದೆ. ನೀನು ರೇಗಿದ್ದು ಇದಕ್ಕೇ ಅಂತ ಗೊತ್ತು. ಬಹುಪಾಲು ಸರಿಹೋಗುತ್ತದೆ ಅಂದಿದ್ದಾರೆ.

ಉಪದೇಶ ಬೇಡ ಅಂದುಕೊಂಡೇ ಶುರು ಮಾಡಿದ್ದೆ, ಆದರೂ ಒಂದು ಮಾತು. ನಾಳೆ ನಿನ್ನೆದುರು ನನ್ನಂಥ ಗಂಡಸರು ಬಂದು ಕೂರುತ್ತಾರೆ. ಬೆನ್ನುನೋವು, ನಿದ್ದೆ ಇಲ್ಲ ಅನ್ನುತ್ತಾರೆ. ನಂಬಬೇಡ. ಎಷ್ಟು ಸಲ ಏಳ್ತೀರಿ, ತಿಣುಕಬೇಕಾ, ಪೂರ್ತಿ ಖಾಲಿ ಆಗುತ್ತಾ ಅಂತ ನೇರ ಕೇಳು. ಟವೆಲ್ ಹಾಕಿದರೆ ಎತ್ತಿ ಪಕ್ಕಕ್ಕಿಟ್ಟು ಇನ್ನೊಂದು ಸಲ ಕೇಳು. ನಿನ್ನ ಗಂಟಲಿನಲ್ಲಿ ಮಾತ್ರ ನಾಚಿಕೆ ಇರಬಾರದು. ಇದನ್ನು ಹೇಳುವ ಯೋಗ್ಯತೆ ನನಗಿಲ್ಲ, ಗೊತ್ತು.

ನಿನ್ನ ತಮ್ಮನನ್ನು ಪಕ್ಕ ಕೂರಿಸಿಕೊಂಡು ಹೇಳಿದೆ. ಬೀಜದಲ್ಲಿ ಇದ್ದಕ್ಕಿದ್ದ ಹಾಗೆ ನೋವು ಬಂದರೆ ತಿರುಚಿಕೊಂಡಿರಬಹುದು, ರಕ್ತ ಹೋಗುವುದಿಲ್ಲ, ಸುಮಾರು 6 ಗಂಟೆಯೊಳಗೆ ಬಿಡಿಸದಿದ್ದರೆ ಅದನ್ನು ಉಳಿಸುವುದು ಕಷ್ಟ, ಬೆಳಗಾಗಲಿ ಅಂತ ಕಾಯಬೇಡ, ಎಬ್ಬಿಸು ಅಂದೆ. ನೋವಿಲ್ಲದ ಗಂಟು ಸಿಕ್ಕರೂ ಹೇಳು ಅಂದೆ. ಅವನು ನೆಲ ನೋಡುತ್ತಾ ಕೇಳಿದ. "ಅಕ್ಕ ಇದನ್ನೆಲ್ಲ ಹೋದ ವರ್ಷವೇ ಹೇಳಿದ್ಲು" ಅಂದ. ನನಗೆ ಹೆಮ್ಮೆ ಆಯಿತೋ ಹೊಟ್ಟೆಕಿಚ್ಚೋ ಗೊತ್ತಾಗಲಿಲ್ಲ.

ತಪ್ಪಾಯಿತು ಪುಟ್ಟೀ. ಆ ದಿನದ್ದೂ, ಆಮೇಲಿನದ್ದೂ.

ಪರೀಕ್ಷೆ ಇದ್ದರೆ ಗುರುವಾರ ಬರಬೇಡ. ಇಲ್ಲದಿದ್ದರೆ ಬಾ. ಆ ಮೂಳೆ ಇನ್ನೂ ನಿನ್ನ ಹತ್ತಿರ ಇದ್ದರೆ ಜೊತೆಗೆ ತಾ. ಅವತ್ತು ಪ್ರಾಸ್ಟೇಟ್ ತನಕ ಬಂದು ನಿಲ್ಲಿಸಿದ್ದೆ, ಅಲ್ಲಿಂದ ಮುಂದಕ್ಕೆ ತೋರಿಸು. ಟವೆಲನ್ನೂ ತಾ, ಆಸ್ಪತ್ರೆಗೆ ಬೇಕಾಗುತ್ತದೆ.

ನಿನ್ನ ಅಪ್ಪ