ಜೂನ್‌ನಿಂದ ಜಂಪಿಂಗ್ ವಾರಕ್ಕೆ ಒಂದೇ ದಿನ: ನಮ್ಮ ಸವಾರರಿಗೆ, ಪೋಷಕರಿಗೆ ಪತ್ರ

ಪ್ರಿಯ ಸವಾರರೇ, ಪೋಷಕರೇ,

ಜೂನ್ 1ರಿಂದ ನಮ್ಮ ಸವಾರಿ ಶಾಲೆಯ ತರಗತಿಗಳ ಕ್ರಮ ಬದಲಾಗುತ್ತಿದೆ. ಫೀಸ್ ಈಗಿನಷ್ಟೇ ಇರುತ್ತದೆ. ಜಂಪಿಂಗ್ ಗುಂಪಿನವರಿಗೆ ವಾರದ ಮೂರು ತರಗತಿಗಳಲ್ಲಿ ಒಂದು ದಿನ ಮಾತ್ರ ಜಂಪ್. ಉಳಿದೆರಡು ದಿನ ಡ್ರೆಸ್ಸೇಜ್ (ಕುದುರೆಯನ್ನು ಹದವಾಗಿ, ಹಿಡಿತದಲ್ಲಿ ನಡೆಸುವ ಸವಾರಿ) ಮತ್ತು ನೆಲದ ಮೇಲಿಟ್ಟ ಪೋಲ್‌ಗಳ ಅಭ್ಯಾಸ. ಆಯಾ ದಿನ ಸಿಕ್ಕ ಕುದುರೆ ಹತ್ತುವ ಬದಲು ಒಬ್ಬ ಸವಾರರಿಗೆ ಮೂರು ತಿಂಗಳು ಒಂದೇ ಕುದುರೆ. ಆ ಜೋಡಿಗೆ ಒಂದು ನೋಟ್‌ಬುಕ್, ಅದರಲ್ಲಿ ಮೂರು ತಿಂಗಳ ಗುರಿ.

"ಮಗಳು 70 ಸೆಂಟಿಮೀಟರ್ ಹಾರಿಸ್ತಿದ್ದಾಳೆ, 80 ಯಾವಾಗ?" ಎಂದು ಅನೇಕ ಪೋಷಕರು ಕೇಳುತ್ತಾರೆ. ಕೇಳುವುದು ಸಹಜ, ಏಕೆಂದರೆ ಎತ್ತರ ಎಲ್ಲರ ಕಣ್ಣಿಗೂ ಕಾಣುವ ಅಳತೆ. ಆದರೆ ಪೋಲನ್ನು ಒಂದು ತೂತು ಮೇಲಕ್ಕೆ ಸಿಕ್ಕಿಸಲು ಅರ್ಧ ನಿಮಿಷ ಸಾಕು, ಅದನ್ನು ದಾಟುವ ಕುದುರೆಯ ಬೆನ್ನು ಗಟ್ಟಿಯಾಗಲು ತಿಂಗಳುಗಳು ಬೇಕು. ನಮ್ಮ ಲಾಯದಲ್ಲಿರುವ ಹೆಚ್ಚಿನ ಕುದುರೆಗಳು ರೇಸ್‌ನಿಂದ ನಿವೃತ್ತವಾದ ಥರೋಬ್ರೆಡ್‌ಗಳು. ಲಗಾಮು ಬಿಗಿಯಾದರೆ ಅದಕ್ಕೇ ಒರಗಿಕೊಂಡು ಇನ್ನೂ ಜೋರಾಗಿ ಓಡುವುದು ಅವಕ್ಕೆ ರೂಢಿ. ಅಂಥ ಕುದುರೆಯ ಮುಂದೆ ವಾರವಿಡೀ ಫೆನ್ಸ್ (ಹಾರಿ ದಾಟಬೇಕಾದ ಪೋಲಿನ ಅಡ್ಡ) ನಿಲ್ಲಿಸಿದರೆ ಅದು ಕಲಿಯುವುದು ಒಂದೇ: ನುಗ್ಗುವುದು.

ಕಾಲಿನ ಮಾತೂ ಇದೆ. ಸುಮಾರು 450 ಕಿಲೋ ತೂಗುವ ಪ್ರಾಣಿ ಫೆನ್ಸ್ ದಾಟಿ ಇಳಿಯುವಾಗ ಮೊದಲು ಊರುವುದು ಮುಂಗಾಲು. ಆ ಕಾಲಿನಲ್ಲಿ ಮಂಡಿಯಿಂದ ಕೆಳಗೆ ಹೇಳಿಕೊಳ್ಳುವಂಥ ಮಾಂಸಖಂಡವೇ ಇಲ್ಲ, ಮೂಳೆ, ಟೆಂಡನ್, ಲಿಗಮೆಂಟ್ ಅಷ್ಟೇ. ಟೆಂಡನ್‌ಗೆ ಪೆಟ್ಟಾದರೆ ವಾಸಿಯಾಗಲು ಹಲವು ತಿಂಗಳು ಹಿಡಿಯುತ್ತದೆ, ಕೆಲವೊಮ್ಮೆ ವರ್ಷವೇ ಆಗುತ್ತದೆ. ಕುದುರೆ ನೋಡಿಕೊಳ್ಳುವ ನಮ್ಮ ಸೈಸ್‌ಗಳು ದಿನಾ ಬೆಳಿಗ್ಗೆ ನಾಲ್ಕೂ ಕಾಲುಗಳನ್ನು ಅಂಗೈಯಿಂದ ಸವರಿ ಬಿಸಿ ಇದೆಯೇ, ಊತ ಇದೆಯೇ ಎಂದು ನೋಡುವುದು ಇದಕ್ಕೇ. ಜೂನ್‌ನಿಂದ ಪ್ರತಿ ಸವಾರರೂ ಜೀನು ಹಾಕುವ ಮೊದಲು ಇದನ್ನು ಮಾಡಬೇಕು. ಹೇಗೆಂದು ಸೈಸ್‌ಗಳೇ ಹೇಳಿಕೊಡುತ್ತಾರೆ. ಅವರ ಕೈಗಿರುವ ಅನುಭವ ನಮ್ಮಲ್ಲಿ ಬೇರೆ ಯಾರಿಗೂ ಇಲ್ಲ.

ಗುರಿ ಎಂದರೆ ಏನು ಬರೆಯಬೇಕು? ನಮ್ಮ ಹೆಣ್ಣು ಕುದುರೆ ಮಲ್ಲಿಗೆಯನ್ನೇ ನೋಡಿ. ಅರೀನಾದ ಮರಳನ್ನು ಸಮ ಮಾಡಿದ ಮೇಲೆ ಅವಳ ಮೇಲೆ ಕೂತು ಟ್ರಾಟ್‌ನಲ್ಲಿ (ಮೆಲ್ಲನೆಯ ಓಟದಲ್ಲಿ) 20 ಮೀಟರ್ ವೃತ್ತ ಹಾಕಿ, ಇಳಿದು ಗೊರಸಿನ ಗುರುತು ನೋಡಿದರೆ ಎಲ್ಲ ತಿಳಿಯುತ್ತದೆ. ಎಡಕ್ಕೆ ಹಾಕಿದ್ದು ಹೆಚ್ಚುಕಡಿಮೆ ದುಂಡಗಿರುತ್ತದೆ. ಬಲಕ್ಕೆ ಹಾಕಿದ್ದು ಗೇಟಿನ ಕಡೆ ಉಬ್ಬಿ, ಆಚೆ ಬದಿಯಲ್ಲಿ ಒಳಗೆ ಕುಸಿದು ಮೊಟ್ಟೆಯಾಗಿರುತ್ತದೆ. ಬಲ ತಿರುವಿನ ನಂತರ ಬರುವ ಫೆನ್ಸ್‌ಗೆ ಅವಳು ಸೊಟ್ಟಗೆ ಬಂದು ಪೋಲ್ ಬೀಳಿಸುವುದಕ್ಕೂ ಇದೇ ಕಾರಣ. ಹಾಗಾಗಿ ಮಲ್ಲಿಗೆಯ ಸವಾರರ ಮೊದಲ ತಿಂಗಳ ಗುರಿ ಇಷ್ಟೇ: "ಬಲಕ್ಕೆ 20 ಮೀಟರ್ ವೃತ್ತ, ದುಂಡಗೆ, ಒಂದೇ ಲಯದಲ್ಲಿ, ಒಳಗಿನ ಲಗಾಮು ಎಳೆಯದೆ." ಇದು ಸಣ್ಣದೆಂದು ಅನಿಸುವವರು ಒಮ್ಮೆ ಪ್ರಯತ್ನಿಸಿ ನೋಡಿ.

ಜರ್ಮನ್ನರ ತರಬೇತಿ ಕ್ರಮದಲ್ಲಿ ಮೊದಲು ಲಯ, ಆಮೇಲೆ ಮೈ ಸಡಿಲವಾಗುವುದು, ಕಡಿವಾಣದೊಂದಿಗೆ ಹದವಾದ ಸಂಪರ್ಕ, ಹಿಂಗಾಲಿನ ಚೈತನ್ಯ, ನೇರ ನಡೆ, ಕೊನೆಗೆ ಮೈ ಕೂಡಿಸಿಕೊಂಡು ನಡೆಯುವುದು. ನಮ್ಮ ನೋಟ್‌ಬುಕ್‌ನಲ್ಲೂ ಇದೇ ಅನುಕ್ರಮ. ನಮ್ಮ ಹೆಚ್ಚಿನ ಜೋಡಿಗಳಿಗೆ ಮೊದಲ ಮೂರರಲ್ಲೇ ಬೇಕಾದಷ್ಟು ಕೆಲಸವಿದೆ.

ಜಂಪಿಂಗ್ ದಿನದ ಗುರಿಯೂ ಎತ್ತರದ ಲೆಕ್ಕದಲ್ಲಿ ಇರುವುದಿಲ್ಲ. ಕ್ಯಾಂಟರ್‌ನಲ್ಲಿ (ಟ್ರಾಟ್‌ಗಿಂತ ವೇಗದ ಓಟದಲ್ಲಿ) ಕುದುರೆಯ ಒಂದು ಹೆಜ್ಜೆ ಸುಮಾರು 3.6 ಮೀಟರ್ ಎಂದು ಲೆಕ್ಕ. ಎರಡು ತಗ್ಗು ಫೆನ್ಸ್‌ಗಳನ್ನು 18 ಮೀಟರ್ ಅಂತರದಲ್ಲಿಟ್ಟರೆ, ಇಳಿಯಲು ಮತ್ತು ಮತ್ತೆ ಹಾರಲು ಒಂದು ಹೆಜ್ಜೆಯಷ್ಟು ಜಾಗ ಹೋಗಿ, ನಡುವೆ ನಾಲ್ಕು ಹೆಜ್ಜೆ ಬರುತ್ತವೆ. ಅದೇ ಜಾಗವನ್ನು ಒಮ್ಮೆ ನಾಲ್ಕರಲ್ಲಿ, ಮತ್ತೊಮ್ಮೆ ಐದರಲ್ಲಿ, ಕುದುರೆ ತಲೆ ಎತ್ತಿ ಜಗ್ಗಾಡದಂತೆ ಮುಗಿಸಲು ಬಂದರೆ ಸವಾರರ ಕೈಯಲ್ಲಿ ಕ್ಯಾಂಟರ್ ಇದೆ ಎಂದರ್ಥ. ಎರಡೂ ದಿಕ್ಕಿನಲ್ಲಿ ಇದು ಬಂದು, ಕೊನೆಯ ಫೆನ್ಸ್ ಆದಮೇಲೆ ನೇರವಾಗಿ ಹೋಗಿ ವಾಕ್‌ಗೆ ಇಳಿಯಲು ಆದ ಮೇಲಷ್ಟೇ ಪೋಲ್ ಮೇಲೇರುತ್ತದೆ. ಏರಿಸುವ ತೀರ್ಮಾನ ತರಬೇತುದಾರರದು. ಈ ಒಂದು ವಿಷಯದಲ್ಲಿ ದಯವಿಟ್ಟು ಒತ್ತಾಯ ಮಾಡಬೇಡಿ.

ಸ್ಪರ್ಧೆಗೆ ಹೋಗುವವರಿಗೆ ಡ್ರೆಸ್ಸೇಜ್ ಅಂಕಪಟ್ಟಿಯೇ ಒಳ್ಳೆಯ ಮಾರ್ಗದರ್ಶಿ. ಒಂದೊಂದು ಚಲನೆಗೂ 0ಯಿಂದ 10ರವರೆಗೆ ಅಂಕ, ಪಕ್ಕದಲ್ಲಿ ತೀರ್ಪುಗಾರರ ಟಿಪ್ಪಣಿ. ಒಟ್ಟು ಶೇಕಡಾವಾರು ನೋಡಿ ಹಾಳೆ ಮಡಚಿಡಬೇಡಿ, ಲಾಯಕ್ಕೆ ತನ್ನಿ. ಅತಿ ಕಡಿಮೆ ಅಂಕ ಬಂದ ಸಾಲು ಹುಡುಕಿ, ಅಲ್ಲಿನ 5ನ್ನು 6 ಮಾಡುವುದೇ ಮುಂದಿನ ಗುರಿ ಎಂದು ಬರೆಯೋಣ. ಪದಕ ಗೆಲ್ಲುತ್ತೇನೆ ಎಂದೂ ಬರೆಯಬಹುದು, ಆದರೆ ಆ ದಿನ ಬೇರೆಯವರು ಹೇಗೆ ಸವಾರಿ ಮಾಡುತ್ತಾರೆ ಎನ್ನುವುದು ನಮ್ಮ ಕೈಯಲ್ಲಿಲ್ಲ.

ಡ್ರೆಸ್ಸೇಜ್ ಬೇಸರದ ಕೆಲಸ ಎನ್ನುವ ಮಕ್ಕಳಿಗೆ ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಅವರ ಉದಾಹರಣೆ ಕೊಡುತ್ತೇವೆ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಅವರು ವೈಯಕ್ತಿಕ ಮತ್ತು ತಂಡ ವಿಭಾಗದ ಎರಡು ಬೆಳ್ಳಿ ಗೆದ್ದ ಈವೆಂಟಿಂಗ್ ಶುರುವಾಗುವುದೇ ಡ್ರೆಸ್ಸೇಜ್‌ನಿಂದ. ಅದೇ ಕುದುರೆ ಆಮೇಲೆ ಕ್ರಾಸ್ ಕಂಟ್ರಿ ಓಡಬೇಕು, ಜಂಪ್ ಕೂಡ ಮಾಡಬೇಕು. 2023ರಲ್ಲಿ ಹಾಂಗ್‌ಝೌನಲ್ಲಿ ಭಾರತಕ್ಕೆ ಏಷ್ಯನ್ ಗೇಮ್ಸ್‌ನ ಕುದುರೆ ಸವಾರಿಯಲ್ಲಿ 41 ವರ್ಷಗಳ ನಂತರ ಚಿನ್ನ ಬಂದದ್ದೂ ಡ್ರೆಸ್ಸೇಜ್ ತಂಡದಿಂದಲೇ.

ಭಾನುವಾರ ಮಾತ್ರ ಬರುವವರಿಗೆ ಈ ಬದಲಾವಣೆಯಿಂದ ತೊಂದರೆಯಾಗುತ್ತದೆ. ಅವರಿಗೆ ಡ್ರೆಸ್ಸೇಜ್ ಮತ್ತು ಹೊರಸವಾರಿ ಎಂದಿನಂತೆ ಇರುತ್ತದೆ, ಜಂಪಿಂಗ್ ಇರುವುದಿಲ್ಲ. ವಾರಕ್ಕೊಮ್ಮೆ ಹತ್ತುವ ಸವಾರರನ್ನು ಹೊತ್ತು ಫೆನ್ಸ್ ದಾಟುವ ಕುದುರೆಯ ಬೆನ್ನಿಗೂ ಬಾಯಿಗೂ ಎಷ್ಟು ಪೆಟ್ಟು ಬೀಳುತ್ತದೆಂದು ದಿನವೂ ನೋಡುವವರು ನಾವು, ಇದರಲ್ಲಿ ರಾಜಿಯಾಗಲು ಮನಸ್ಸು ಒಪ್ಪುವುದಿಲ್ಲ. ಜಂಪಿಂಗ್‌ಗೆಂದೇ ಮುಂಗಡ ಕಟ್ಟಿದವರು ಬೇಡವೆಂದರೆ ಉಳಿದ ತರಗತಿಗಳ ಹಣ ಪೂರ್ತಿ ವಾಪಸ್ ಕೊಡುತ್ತೇವೆ, ಜೂನ್ 15ರೊಳಗೆ ತಿಳಿಸಿ.

ಕುದುರೆಗೆ ಕುಂಟು ಬಂದರೆ, ಮಳೆಗೆ ಅರೀನಾ ಕೆಸರಾದರೆ ಗುರಿಯ ದಿನಾಂಕ ಮುಂದಕ್ಕೆ ಹೋಗುತ್ತದೆ. ಕುದುರೆ ಬದಲಾದರೆ ಗುರಿಯನ್ನೂ ಹೊಸದಾಗಿ ಬರೆಯುತ್ತೇವೆ. ತಿಂಗಳ ಕೊನೆಯ ಶನಿವಾರ ಸವಾರರು, ತರಬೇತುದಾರರು, ಆ ಕುದುರೆಯ ಸೈಸ್ ಒಟ್ಟಿಗೆ ಕೂತು ನೋಟ್‌ಬುಕ್ ನೋಡುತ್ತೇವೆ. ಚಿಕ್ಕ ಮಕ್ಕಳ ಪೋಷಕರೂ ಬನ್ನಿ.

ಯಾರಿಗೆ ಯಾವ ಕುದುರೆ ಎಂಬ ಪಟ್ಟಿಯನ್ನು ಮೇ ಕೊನೆಯ ವಾರ ಆಫೀಸಿನ ಬಾಗಿಲ ಪಕ್ಕ ಅಂಟಿಸುತ್ತೇವೆ. ಮೊದಲ ತರಗತಿಗೆ 200 ಪುಟದ ಒಂದು ನೋಟ್‌ಬುಕ್ ತನ್ನಿ, ಅರ್ಧ ಗಂಟೆ ಮೊದಲೇ ಬನ್ನಿ.

ಇಂತಿ ನಿಮ್ಮ,
ತರಬೇತುದಾರರು ಮತ್ತು ಲಾಯದ ಸಿಬ್ಬಂದಿ