ಮಗಳಿಗೊಂದು ಪತ್ರ: ನಾಲ್ಕು ಕಡೆಯಿಂದ ಹೊಲಿಯುವ ಕೌದಿ

ಗದಗ

ಚಿ. ಶೈಲಾಗೆ ಅಪ್ಪನ ಆಶೀರ್ವಾದಗಳು.

ನಿನ್ನೆ ನೀನು ಫೋನಿನಲ್ಲಿ ಹೇಳಿದ್ದನ್ನು ನಿನ್ನ ಅವ್ವ ರೊಟ್ಟಿ ಬಡಿಯುತ್ತಲೇ ನನಗೆ ಹೇಳಿದಳು. ಅಟ್ಟದ ಮೇಲಿರುವ ಎರಡೂ ಗಂಟು ಅರಿವೆ ಬಾಂಡೆಯವಳಿಗೆ ಕೊಟ್ಟುಬಿಡಿ, ಬಂದಷ್ಟು ಸ್ಟೀಲ್ ಡಬ್ಬಿ ತಗೊಳ್ಳಿ, ನಾನಿನ್ನು ಕೌದಿ ಹೊಲಿಯುವುದಿಲ್ಲ ಅಂದೆಯಂತೆ. ನಾನು ಕೊಡುವುದಿಲ್ಲ. ಬಾಂಡೆಯವಳು ನಮ್ಮ ಓಣಿಗೆ ಬರುವ ದಿನ ಅಂಗಡಿ ಮುಚ್ಚಿ ಮನೆಯಲ್ಲೇ ಕೂರುತ್ತೇನೆ. ಇದನ್ನು ಫೋನ್ ಮಾಡಿಯೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹ್ಞೂಂ ಅಪ್ಪಾ, ಆಯ್ತು ಅಪ್ಪಾ" ಅಂದು ಇಟ್ಟುಬಿಡುತ್ತೀಯ. ಕಾಗದಕ್ಕೆ ಹಾಗೆ ಹೇಳಲು ಆಗುವುದಿಲ್ಲ ಅಲ್ವಾ?

ಬೇಸರ ಯಾವಾಗ ಶುರುವಾಯಿತು ಅಂತ ಇಬ್ಬರಿಗೂ ಗೊತ್ತು. ಆ ಬೆಳಗಾವಿ ಗಿರಾಕಿಯ ವಿಷಯ ನಾನು ಕೆದಕುವುದಿಲ್ಲ. ನಿನ್ನ ಕೌದಿ ಬಣ್ಣ ಬಿಟ್ಟಿತು ಅಂತ ಆಕೆ ನಾಲ್ಕು ಜನ ಓದುವ ಹಾಗೆ ಬರೆದದ್ದಕ್ಕೆ ನನಗೂ ಸಿಟ್ಟು ಬಂದಿತ್ತು. ಆದರೆ ನಾನು ದರ್ಜಿ, ಒಂದು ಮಾತು ಹೇಳದೆ ಇರಲಾರೆ. ಕೆಂಪು ಬಣ್ಣ ಬಿಳಿಗೆ ಹತ್ತಿದ್ದು ನಿನ್ನ ಹೊಲಿಗೆಯ ತಪ್ಪಲ್ಲ, ಬಟ್ಟೆಯದು. ಹೊಸ ಹತ್ತಿ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ. ಗಾಢ ಕೆಂಪು ಬಣ್ಣ ಬಿಡುತ್ತದೆ. ಕುಗ್ಗುವ ಬಟ್ಟೆಯ ಪಕ್ಕ ಕುಗ್ಗದ ಬಟ್ಟೆ ಇಟ್ಟು ಹೊಲಿದರೆ ಒಗೆದ ಮೇಲೆ ಸುಕ್ಕು ಬೀಳುತ್ತದೆ. ನನ್ನ ಅವ್ವ, ಅಂದರೆ ನಿನ್ನ ಆಯಿಯ ಕಾಲದ ಕೌದಿಗೆ ಈ ತಂಟೆ ಇರಲಿಲ್ಲ. ಇಳಕಲ್ ಪತ್ತಲ ವರ್ಷಗಟ್ಟಲೆ ಒಗೆಸಿಕೊಂಡು, ಬಿಡಬೇಕಾದ ಬಣ್ಣವನ್ನೆಲ್ಲ ಬಿಟ್ಟು, ಆಮೇಲೆ ಕೌದಿಗೆ ಬರುತ್ತಿತ್ತು. ಮುಂದೆ ಯಾವುದೇ ಕೆಂಪು ಬಟ್ಟೆ ತಂದರೂ ಅದರ ಮೇಲೆ ಬಿಳಿ ಬಟ್ಟೆಯ ಒದ್ದೆ ಚೂರು ಇಟ್ಟು ಬಿಸಿ ಇಸ್ತ್ರಿ ಒತ್ತು. ಚೂರಿಗೆ ಬಣ್ಣ ಹತ್ತಿದರೆ ಆ ಬಟ್ಟೆ ಕೌದಿಗೆ ಬೇಡ. ಮುಂದೆ ತಂದರೆ ಅಂತ ಬರೆದಿದ್ದೇನೆ, ನೋಡು. ನೀನು ಹೊಲಿಯುವುದಿಲ್ಲ ಅಂದದ್ದು ನನ್ನ ತಲೆಗೆ ಇನ್ನೂ ಇಳಿದಿಲ್ಲ.

ಒಂದು ವಿಷಯ ನಿನಗೆ ಎಂದೂ ಹೇಳಿರಲಿಲ್ಲ. ನೀನು ಕುಪ್ಪಸದ ಖಣದ ತುಂಡುಗಳಿಂದ ಹೊಲಿದ ಮೊದಲ ದೊಡ್ಡ ಕೌದಿಯ ಫೋಟೋ ನನ್ನ ಮಶಿನ್ ಎದುರಿನ ಗೋಡೆಗೆ ಇದೆ. ಕುಪ್ಪಸ ಹೊಲಿಸಲು, ಸೀರೆಗೆ ಫಾಲ್ ಹಚ್ಚಿಸಲು ಬರುವ ಹೆಂಗಸರೆಲ್ಲ ಕೇಳುತ್ತಾರೆ. ನನ್ನ ಮಗಳದ್ದು ಅನ್ನುತ್ತೇನೆ. ಖಣ ಎಲ್ಲಿಂದ ಬಂತು ಅಂತ ಅವರು ಕೇಳುವುದಿಲ್ಲ. ಕೇಳಿದ್ದರೆ ಅದನ್ನೂ ಹೇಳುತ್ತಿದ್ದೆ. ನನ್ನ ಮಶಿನ್ ಕೆಳಗೆ ಬಿದ್ದ ಗುಳೇದಗುಡ್ಡ ಖಣದ ಚೂರನ್ನು ಒಂದೊಂದೇ ಆರಿಸಿ ಚೀಲಕ್ಕೆ ಹಾಕಿದವನು ನಾನೇ ತಾನೇ?

ಈಗ ಆಯಿಯ ಕೌದಿಯ ಮಾತು. ಅರ್ಧ ಬಿಳಿ ದಾರ, ಅರ್ಧ ಕೆಂಪು ದಾರ ಇರುವುದು. ಅದನ್ನು ಹೊದ್ದು ನೀನು ಮಾಡಿದ್ದೆಲ್ಲ ನಿನಗೆ ನೆನಪಿದೆ, ಅದು ಬೇಡ. ದಾರ ಯಾಕೆ ಬದಲಾಗಿದೆ ಅಂತ ಸಣ್ಣವಳಿದ್ದಾಗ ಕೇಳುತ್ತಿದ್ದೆ. ಬಿಳಿ ದಾರ ತೀರಿತ್ತು ಅಂತ ನಾನು ಅನ್ನುತ್ತಿದ್ದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಆ ಕೌದಿ ಶುರುವಾದದ್ದು 1978ರಲ್ಲಿ, ನನ್ನ ಅಪ್ಪ, ನಿನ್ನ ಮುತ್ಯಾ ಇದ್ದಾಗ. ಒಳಪದರಕ್ಕೆ ಹಳೆ ಪತ್ತಲ ಹಾಸಿದ್ದು ಸಾಲಲಿಲ್ಲ. ಆಯಿ ಮುತ್ಯಾನ ಧೋತರ ಒಂದನ್ನು ಇಸಿದುಕೊಂಡಳು. ಇನ್ನೂ ಉಡಬಹುದಾದ ಧೋತರ. ಅವರು ಎರಡು ದಿನ ಗೊಣಗಿದರು. ಆಮೇಲೆ ಸುಮ್ಮನಾದರು. ಕೌದಿಯ ಒಂದು ಬದಿ ಹೊಲಿದು ನಡುವಿಗೆ ಬರುವಷ್ಟರಲ್ಲಿ ಅವರು ತೀರಿಕೊಂಡರು. ಸತ್ತವರ ಅರಿವೆ ಮನೆಯಲ್ಲಿ ಇರಬಾರದು ಅಂತ ಹಿರಿಯರು ಅಂಗಿ, ಟೊಪ್ಪಿಗೆ, ರುಮಾಲು ಎಲ್ಲ ಕೊಟ್ಟುಬಿಟ್ಟರು. ಕೌದಿಯೊಳಗೆ ಸೇರಿದ್ದ ಧೋತರ ಯಾರಿಗೂ ನೆನಪಾಗಲಿಲ್ಲ. ಆಯಿಗೆ ನೆನಪಿತ್ತು. ಆಕೆ ಬಾಯಿ ಬಿಡಲಿಲ್ಲ. ಕೌದಿ ಮಡಚಿ ಟ್ರಂಕಿನ ಹಿಂದೆ ಇಟ್ಟಳು, ಸೂಜಿ ಚುಚ್ಚಿದ್ದು ಚುಚ್ಚಿದ ಹಾಗೆಯೇ. ಒಂದು ಮಳೆಗಾಲ ಅದು ಅಲ್ಲೇ ಇತ್ತು. ಸೂಜಿ ತುಕ್ಕು ಹಿಡಿಯಿತು. ನೀನು ಚಹಾ ಚೆಲ್ಲಿದ ಕಲೆ ಅಂದುಕೊಂಡಿದ್ದೆಯಲ್ಲ, ಅದು ಆ ಸೂಜಿಯ ಕಲೆ.

ಊರಿಗೆಲ್ಲ ಕೌದಿ ಹೊಲಿದು ಕೊಟ್ಟವಳು ಸೂಜಿ ಮುಟ್ಟುವುದನ್ನೇ ಬಿಟ್ಟಳು. ನನ್ನ ಅಂಗಿಯ ಗುಂಡಿ ಹೋದರೆ ನಾನೇ ಹಚ್ಚಿಕೊಂಡೆ. ನಾನು ದರ್ಜಿ ಆದದ್ದು ಹಾಗೆ ಅಂತ ಆಮೇಲೆ ತಮಾಷೆ ಮಾಡುತ್ತಿದ್ದೆವು. ಆಗ ತಮಾಷೆ ಇರಲಿಲ್ಲ. ರಾತ್ರಿ ಆಕೆ ಎದ್ದು ಕೂತಿರುವುದನ್ನು ನೋಡಿ ನನಗೆ ಹೆದರಿಕೆ ಆಗುತ್ತಿತ್ತು. ಏನಾಯಿತು ಅಂತ ಕೇಳಲು ಬಾಯಿ ಬರುತ್ತಿರಲಿಲ್ಲ.

ಮತ್ತೆ ಹೇಗೆ ಹೊಲಿಯಲು ಕೂತಳು? ನಿನ್ನ ಅತ್ತೆಯನ್ನು ಕೇಳಿದರೆ, ಮುತ್ಯಾ ಕನಸಿನಲ್ಲಿ ಬಂದು ನನ್ನ ಧೋತರ ಎಲ್ಲಿ ಅಂದರು ಅನ್ನುತ್ತಾಳೆ. ನಿನ್ನ ಅತ್ತೆಗೆ ಕನಸು ಸ್ವಲ್ಪ ಜಾಸ್ತಿ. ನಾನು ಕಣ್ಣಾರೆ ಕಂಡದ್ದು ಬೇರೆ.

ಆಚೆ ಮನೆಯ ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಕೌದಿ ಆಗಬೇಕಿತ್ತು. ನಮ್ಮ ಪಡಸಾಲೆ ದೊಡ್ಡದು ಅಂತ ಓಣಿಯ ಹೆಂಗಸರು ಇಲ್ಲೇ ಹಾಸಿಕೊಂಡು ಕೂತರು. ಕೂಸಿನ ಕೌದಿ ಎಷ್ಟು ದೊಡ್ಡದಿರುತ್ತದೆ? ಅದನ್ನು ಹಾಸಲು ಪಡಸಾಲೆಯೇ ಬೇಕೇ? ಬೇಕೆಂದೇ ಬಂದಿದ್ದರು. ಆಯಿಯನ್ನು ಕರೆದರು, ಬರಲಿಲ್ಲ. ಮರುದಿನ ಒಬ್ಬಾಕೆ, "ನಮಗೆ ಕಣ್ಣು ಕಾಣುವುದಿಲ್ಲ, ಸೂಜಿ ಪೋಣಿಸಿಯಾದರೂ ಕೊಡು" ಅಂದಳು. ಹಾಗಂದವಳ ಕಣ್ಣು ಹದ್ದಿನ ಕಣ್ಣು. ಆಯಿ ಗೋಡೆಗೆ ಒರಗಿ ಕೂತು ಸೂಜಿ ಪೋಣಿಸಿ ಕೊಟ್ಟಳು. ಅಷ್ಟೇ. ಮಾತಿಲ್ಲ. ಮರುದಿನವೂ ಅಷ್ಟೇ.

ಆಮೇಲೆ ಜಗಳವಾಯಿತು. ಎದುರಿಗೆ ಕೂತಿದ್ದ ಹುಡುಗಿ ಉದ್ದುದ್ದ ಹೊಲಿಗೆ ಹಾಕುತ್ತಿದ್ದಳು. ಆಯಿ ನೋಡಿದಳು, ನೋಡಿದಳು, ತಡೆಯಲಾಗಲಿಲ್ಲ. "ಇಷ್ಟುದ್ದ ಹೊಲಿಗೆಗೆ ಕೂಸಿನ ಬೆರಳು ಸಿಕ್ಕಿಕೊಳ್ಳುತ್ತದೆ, ಬಿಚ್ಚು" ಅಂದಳು. ಹುಡುಗಿ ಬಿಚ್ಚಲಿಲ್ಲ. ಆಯಿ ಕೌದಿ ಎಳೆದುಕೊಂಡು ತಾನೇ ಬಿಚ್ಚಿ, ತಾನೇ ಹೊಲಿದಳು. ಬೈಯುತ್ತಾ ಹೊಲಿದಳು. ಹೆಂಗಸರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಬದಿ ಹೊಲಿಯುತ್ತಿದ್ದರು. ಒಬ್ಬರೂ ಮೇಲೆ ನೋಡಲಿಲ್ಲ. ಅವರು ಎಷ್ಟು ಜಾಣರು ಅಂತ ನನಗೆ ಆಗ ತಿಳಿಯಲಿಲ್ಲ.

ಕೂಸಿನ ಕೌದಿ ಮುಗಿದ ಮೇಲೆ ಆಯಿ ಟ್ರಂಕಿನ ಹಿಂದಿನದನ್ನು ತೆಗೆದಳು. ನನ್ನನ್ನು ದಾರ ತರಲು ಕಳಿಸಿದಳು. ಅಂಗಡಿಯಲ್ಲಿ ದಪ್ಪ ಬಿಳಿ ದಾರ ತೀರಿತ್ತು, ಕೆಂಪು ತಂದೆ. ಆಯಿ ನೋಡಿ ಹಣೆ ಚಚ್ಚಿಕೊಂಡಳು. ಬೇರೆ ಅಂಗಡಿಗೆ ಹೋಗಿ ಬದಲಿಸಿಕೊಂಡು ಬರುತ್ತೇನೆ ಅಂದೆ. "ಬೇಡ, ನೀನು ಹೋಗಿ ಬರುವಷ್ಟರಲ್ಲಿ ನನ್ನ ಮನಸ್ಸು ಹೋದೀತು" ಅಂದಳು. ಬಿಳಿ ಹೊಲಿಗೆ ನಿಂತ ಜಾಗದಿಂದಲೇ ಕೆಂಪು ಶುರು ಮಾಡಿದಳು. ಶೈಲಾ, ಈ ಮಾತನ್ನು ಇನ್ನೊಮ್ಮೆ ಓದು. ಮನಸ್ಸು ಹೋದೀತು ಅಂದವಳು ಹೊಲಿಗೆಯಲ್ಲಿ ಊರಿಗೇ ಹೆಸರಾದವಳು. ಅವಳಿಗೂ ಆ ಹೆದರಿಕೆ ಇತ್ತು. ಸರಿಯಾದ ಬಣ್ಣದ ದಾರ ಬರಲಿ ಅಂತ ಆಕೆ ಕಾಯಲಿಲ್ಲ.

ನೀನು ಕಾಯುತ್ತಿದ್ದೀಯ. ಒಳ್ಳೆ ಬೆಳಕು ಬರಲಿ, ರಜೆ ಬರಲಿ, ಮನಸ್ಸು ತಾನಾಗಿಯೇ ಬರಲಿ ಅಂತ. ಮನಸ್ಸು ಮೊದಲು ಬಂದು ಕೈ ಆಮೇಲೆ ಆಡುವುದನ್ನು ನನ್ನ ಅಂಗಡಿಯಲ್ಲಂತೂ ನಾನು ನೋಡಿಲ್ಲ. ಇಲ್ಲೊಂದು ದರ್ಜಿಗಳ ಉಪಾಯ ಹೇಳುತ್ತೇನೆ. ರಾತ್ರಿ ಅಂಗಡಿ ಮುಚ್ಚುವಾಗ ಕೈಯಲ್ಲಿದ್ದ ಅಂಗಿಯನ್ನು ಮುಗಿಸಿ ಏಳಬಾರದು. ಒಂದು ತೋಳು ಅರ್ಧ ಹೊಲಿದು ಸೂಜಿ ಅದರಲ್ಲೇ ಇಳಿಸಿ ಹೋಗಬೇಕು. ಬೆಳಿಗ್ಗೆ ಬಂದು ಏನು ಮಾಡಲಿ ಅಂತ ಯೋಚಿಸುವ ಕೆಲಸವೇ ಇರುವುದಿಲ್ಲ, ಕಾಲು ಪೆಡಲ್ ಮೇಲೆ ಹೋಗುತ್ತದೆ. ಹೊಸದಾಗಿ ಕತ್ತರಿಸಿ ಶುರು ಮಾಡಬೇಕಾದ ದಿನವೇ ಮೈಗಳ್ಳತನ ಬರುವುದು.

ಇನ್ನೊಂದು. ಹಳಿಯಾಳದ ಕಡೆ ಸಿದ್ದಿ ಹೆಂಗಸರ ಕೌದಿ ನೋಡಿ ಬಂದು ನೀನೇ ನನಗೆ ಹೇಳಿದ್ದೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಸಣ್ಣ ತ್ರಿಕೋನ ಹಚ್ಚುತ್ತಾರೆ, ಅದಕ್ಕೆ ಫುಲ ಅನ್ನುತ್ತಾರೆ, ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ ಅಂತ. ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಕೌದಿಗಳನ್ನು ಫೋನಿನಲ್ಲಿ ತೋರಿಸಿದ್ದೆ. 2006ರಲ್ಲಿ ಅಲ್ಲಿನ ಸರ್ಕಾರ ಅವುಗಳ ಅಂಚೆ ಚೀಟಿ ತಂದಿತು ಅಂದಾಗ ನಿನ್ನ ಮುಖ ನೋಡಬೇಕಿತ್ತು. ನೀನು ತೋರಿಸಿದ ಕೌದಿಗಳಲ್ಲಿ ಒಬ್ಬಾಕೆ 1942ರಲ್ಲಿ, ಗಂಡ ಸತ್ತ ಮೇಲೆ, ಅವನು ಹೊಲದಲ್ಲಿ ಹಾಕುತ್ತಿದ್ದ ಬಟ್ಟೆಗಳನ್ನೇ ಜೋಡಿಸಿ ಹೊಲಿದದ್ದು ಇತ್ತು. ನಾನು ಆಗ ಎದ್ದು ಹೊರಗೆ ಹೋದೆ. ಬೇಜಾರಾಯಿತೇ ಅಂತ ನೀನು ಕೇಳಿದೆ. ಬಿಸಿಲು ನೋಡಲು ಹೋಗಿದ್ದೆ ಅಂದೆ.

ಇವರೆಲ್ಲರ ಕೌದಿಯಲ್ಲಿ ಏನಿತ್ತು, ಈಗಿನ ನಿನ್ನ ಕೌದಿಯಲ್ಲಿ ಏನಿಲ್ಲ ಅಂತ ನಿನ್ನೆಯಿಂದ ಯೋಚಿಸುತ್ತಿದ್ದೇನೆ. ನಮ್ಮ ಕಡೆ ಕೌದಿ ಹಾಸಿದರೆ ನಾಲ್ಕು ಬದಿಗೆ ನಾಲ್ಕು ಜನ ಕೂರುತ್ತಿದ್ದರು. ಅಂಚಿನಿಂದ ಹೊಲಿಯುತ್ತಾ ನಡುವಿಗೆ ಬರುತ್ತಿದ್ದರು. ಮೊದಲ ದಿನ ದೂರ ದೂರ. ಕೊನೆಗೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಮನೆಮನೆಯ ಸುದ್ದಿಯೂ ಹಾಗೆಯೇ, ನಡುವಿಗೆ ಬರುವಷ್ಟರಲ್ಲಿ ಎಲ್ಲ ಹೊರಗೆ ಬಿದ್ದಿರುತ್ತಿತ್ತು. ನೀನು ಬೆಂಗಳೂರಿನ ಒಂದು ಕೋಣೆಯಲ್ಲಿ ಒಬ್ಬಳೇ ಕೂತು ನಾಲ್ಕೂ ಬದಿ ಹೊಲಿಯುತ್ತೀಯ. ಫೋಟೋ ತೆಗೆಯುತ್ತೀಯ. ಯಾರೋ ಏನೋ ಅಂದರೆ ಅದನ್ನೂ ಒಬ್ಬಳೇ ನುಂಗುತ್ತೀಯ. ಬೇಸರ ಬರದೆ ಇನ್ನೇನು ಬರುತ್ತದೆ? ಕೆಳಗಿನ ಮನೆಯ ಅಜ್ಜಿ ಸದಾ ಬಾಗಿಲಲ್ಲೇ ಕೂತಿರುತ್ತಾರೆ ಅಂದಿದ್ದೆ. ಅವರನ್ನು ಕರೆ. ಹೊಲಿಯಲು ಬರದಿದ್ದರೆ ಬೇಡ, ಸೂಜಿ ಪೋಣಿಸಿ ಕೊಡಲಿ. ಅದೂ ಆಗದಿದ್ದರೆ ಎದುರಿಗೆ ಕೂತು ಮಾತಾಡಲಿ. ಒಂದು ಮೊಳದ ಕೌದಿ ಸಾಕು, ಕೂಸಿನದು. ಹಳೆ ಬಟ್ಟೆಯದ್ದೇ ಮಾಡು. ಮಾರಬೇಡ, ಫೋಟೋ ಬೇಡ. ಹೊಲಿಗೆ ಸೊಟ್ಟ ಹೋದರೆ ಹೋಗಲಿ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಪ್ಪು ಬಟ್ಟೆ ಹೊಲಿಯಬೇಡ, ಕಣ್ಣು ದಣಿಯುತ್ತದೆ. ಬೆರಳಿಗೆ ತಗಡಿನ ಟೊಪ್ಪಿಗೆ ಹಾಕಿಕೋ. ಕಣ್ಣು ತೋರಿಸಿ ಎಷ್ಟು ದಿನವಾಯಿತು? ನೋಡು, ಎಲ್ಲಿಂದ ಎಲ್ಲಿಗೋ ಹೋದೆ. ಹೇಳಬೇಕಾದದ್ದು ಕರೆ ಅಂತ ಇಷ್ಟೇ.

ಪ್ರತಿ ಸಲ ಫೋನಿನಲ್ಲಿ "ಎಷ್ಟು ಆರ್ಡರ್ ಬಂತು" ಅಂತ ನಾನೂ ಕೇಳುತ್ತಿದ್ದೆ. ಅಂಗಡಿಯವನ ಬಾಯಿ, ಬೇರೆ ಏನು ಕೇಳಬೇಕು ಅಂತ ತಿಳಿಯುತ್ತಿರಲಿಲ್ಲ. ಇನ್ನು ಕೇಳುವುದಿಲ್ಲ.

ಕೌದಿ ಬೇಡವೇ ಬೇಡ ಅಂದರೆ ಬಿಡು. ಗಂಟು ಅಟ್ಟದಲ್ಲಿ ಇದ್ದರೆ ಅನ್ನ ಕೇಳುವುದಿಲ್ಲ. ನನ್ನ ಹೆದರಿಕೆ ಬೇರೆಯದು. ಗೆಳತಿಯ ಮದುವೆಗೂ ಹೋಗಲಿಲ್ಲವಂತೆ. ರಾತ್ರಿ ಎರಡು ಗಂಟೆಗೆ ನಿನ್ನ ಫೋನಿನಲ್ಲಿ ಹಸಿರು ಚುಕ್ಕೆ ಕಾಣುತ್ತದೆ ಅಂತ ನಿನ್ನ ತಮ್ಮ ಹೇಳಿದ. ಬೇಸರ ಕೌದಿಯದ್ದೇ ಆದರೆ ಸೂಜಿ ದಾರದ ಮಾತು ಸಾಕು. ಎಲ್ಲದರ ಮೇಲೂ ಬೇಸರ ಬಂದಿದ್ದರೆ ಅದು ಸೂಜಿ ದಾರಕ್ಕೆ ಹೋಗುವಂಥದ್ದಲ್ಲ, ಡಾಕ್ಟರ್‌ಗೆ ತೋರಿಸಬೇಕು. ಬೆಂಗಳೂರಿನಲ್ಲೇ ನಿಮ್ಹಾನ್ಸ್ ಇದೆ. ಅಷ್ಟು ದೂರ ಬೇಡ ಅನಿಸಿದರೆ ಸರ್ಕಾರದ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ. ಆಯಿ ರಾತ್ರಿ ಎದ್ದು ಕೂತಾಗ ನಾನು ಹುಡುಗ, ಕೇಳಲಾಗಲಿಲ್ಲ. ನಿನ್ನನ್ನು ಕೇಳುತ್ತಿದ್ದೇನೆ. ಉತ್ತರ ಫೋನಿನಲ್ಲೇ ಹೇಳು, ಬರೆಯುವ ಶ್ರಮ ಬೇಡ. ಆದರೆ "ಹ್ಞೂಂ ಅಪ್ಪಾ" ಅಂತ ಮಾತ್ರ ಅನ್ನಬೇಡ.

ಬೈದ ಹಾಗೆ ಬರೆದೆನೇನೋ. ನಿನ್ನ ಅವ್ವ ಓದಿ ಇಷ್ಟೊಂದು ಉಪದೇಶ ಯಾಕೆ ಅಂದಳು. ಎರಡು ಸಾಲು ಹೊಡೆದು ಹಾಕಿದ್ದೇನೆ, ಉಳಿದದ್ದು ಇರಲಿ.

ಈ ಕೊನೆಯ ಮಾತು ಅವಳಿಗೆ ಓದಲು ಕೊಟ್ಟ ಮೇಲೆ ಬರೆಯುತ್ತಿರುವುದು. ಬೆಳಗಾವಿಯವರ ದುಡ್ಡು ವಾಪಸ್ ಕೊಟ್ಟೆಯಾ? ಕೊಟ್ಟಿಲ್ಲದಿದ್ದರೆ ಪೂರ್ತಿ ಕೊಟ್ಟುಬಿಡು, ಅರ್ಧ ಉಳಿಸಿಕೊಳ್ಳಬೇಡ. ಕೈಯಲ್ಲಿ ಇಲ್ಲದಿದ್ದರೆ ಹೇಳು. ದೀಪಾವಳಿಗೆ ಕುಪ್ಪಸದ ಕೆಲಸ ಚೆನ್ನಾಗಿ ಬಂದಿದೆ, ನನ್ನ ಹತ್ತಿರ ಇದೆ. ಅವ್ವನಿಗೆ ಗೊತ್ತಾಗದ ಹಾಗೆ ಕಳಿಸುತ್ತೇನೆ.

ಇಂತಿ,
ನಿನ್ನ ಅಪ್ಪ